ಮಾಗದ ಕಲ್ಲು

ಮೊಗೊಕ್ ಕಣಿವೆಯಲ್ಲಿ, ಗಣಿಯವರು ತೊಳೆದುಬಿಟ್ಟ ಜಲ್ಲಿ
ಕಾಲುವೆ ಹಿಡಿದು ಇಳಿಯುವಲ್ಲಿ
ಮೊಣಕಾಲು ಮುಳುಗುವ ನೀರಲ್ಲಿ ಬಗ್ಗಿರುತ್ತಾರೆ ಹೆಂಗಸರು.
ಹಳೆಯ ಕಟ್ಟಳೆ: ಯಜಮಾನನ ಜರಡಿ ಬಿಟ್ಟದ್ದು
ಹೆಂಗಸಿನ ಕೈಗೆ ಸಿಕ್ಕರೆ ಹೆಂಗಸಿನದು.
ಗಂಡಸು ಬಗ್ಗಿದರೆ ಕಳ್ಳತನ.

ಡಾ ಓನ್ ಪ್ವಿಂಟ್ ಬಗ್ಗಿ ಐವತ್ತೊಂದು ವರ್ಷ.
ಕೆನ್ನೆಗೆ ಥನಕದ ಗಂಧ, ಬಾಯಲ್ಲಿ ಆರಿದ ಚುಟ್ಟ,
ಬೆರಳ ತುದಿಯ ಗೆರೆಗಳನ್ನು ಜಲ್ಲಿ ತಿಂದಿದೆ.
ಗುರುತಿನ ಚೀಟಿಗೆ ಹೆಬ್ಬೆಟ್ಟು ಒತ್ತಿದರೆ
ಬರೀ ಮಸಿ.

ಆವತ್ತು ಸಿಕ್ಕಿದ್ದು ಮುಸುಕಿನ ಜೋಳದ ಕಾಳಿನಷ್ಟು.
ಕೆಂಪಲ್ಲ. ಹಲ್ಲು ಬಾರದ ಕೂಸಿನ ಒಸಡಿನ ಬಣ್ಣ.
'ಹಿತ್ತಾಳೆ ತಟ್ಟೆಗೆ ಹಾಕಿದರೆ ಮೂರು ತಿಂಗಳ ಅಕ್ಕಿ'
ಎಂದಳು ಮೊಮ್ಮಗಳು ಐಂದ್ರಾ.
'ಇದು ಕಾಯಿ' ಎಂದಳು ಮುದುಕಿ. 'ಇನ್ನೂ ಹಣ್ಣಾಗಬೇಕು.'

ನೆಲದೊಳಗೆ ಕಲ್ಲು ಮಾಗುತ್ತದಂತೆ,
ಮೊದಲು ನೀರು, ಆಮೇಲೆ ನಸುಗೆಂಪು,
ಕಟ್ಟಕಡೆಗೆ ಪಾರಿವಾಳದ ನೆತ್ತರು.
ಆ ನೆತ್ತರಿಗೆ ಅವರು ಪಡಮ್ಯ ಅನ್ನುತ್ತಾರೆ.
ನಮ್ಮ ಪದ್ಮರಾಗವೇ ಯಾವುದೋ ಹಡಗು ಹತ್ತಿ ಹೋಗಿ
ದಾರಿಯಲ್ಲಿ ಅರ್ಧ ಅಕ್ಷರ ಉದುರಿಸಿಕೊಂಡಿತೋ ಏನೋ.
ಹಿಂದೆ ದಂಡಿಗೆ ಹೊರಟವರು ತೋಳು ಸೀಳಿಸಿ
ಮಾಂಸದೊಳಗೆ ಕಲ್ಲಿಟ್ಟು ಹೊಲಿಸಿಕೊಳ್ಳುತ್ತಿದ್ದರಂತೆ,
ಈಟಿ ನಾಟದಿರಲೆಂದು.
ಬದುಕಿ ಬಂದವರಷ್ಟೇ ಆ ಕಥೆ ಹೇಳಿದರು.

ಐಂದ್ರಾ ಶಾಲೆಯಲ್ಲಿ ಓದಿದ್ದು ಬೇರೆ:
ಅಮೃತಶಿಲೆಯ ಹೊಟ್ಟೆಯಲ್ಲಿ, ಕೋಟಿ ವರ್ಷಗಳ ಆಚೆ,
ಅಲ್ಯುಮಿನಿಯಂ ಆಮ್ಲಜನಕ ಗಂಟುಬಿದ್ದಾಗ
ಚಿಟಿಕೆ ಕ್ರೋಮಿಯಂ ಬಿದ್ದರೆ ಕೆಂಪು,
ಬೀಳದಿದ್ದರೆ ಇಲ್ಲ.
'ಹೂತರೂ ಅದು ಹೀಗೇ ಇರುತ್ತೆ ಅಜ್ಜಿ.'
'ನೀನು ಇರ್ತೀಯಾ ಹೀಗೇ?'

ದಾರಿಹೋಕರಿಗೆಂದು ಇಟ್ಟ ನೀರ ಮಡಕೆಗಳ ಅಡಿಯಲ್ಲಿ
ಮುದುಕಿ ಅದನ್ನು ಹೂತಳು. ಸದಾ ತೇವ, ತಂಪು.
ಹಣ್ಣು ಹಾಕುವುದಕ್ಕೆ ಒಳ್ಳೆಯ ಜಾಗ.

ಆಮೇಲೆ ಯಂತ್ರ ಬಂತು, ಬಂದೂಕಿನವರು ಬಂದರು,
ಕಾಲುವೆಗೆ ಬೇಲಿ ಬಿತ್ತು. ಮುದುಕಿ ಹೋದಳು.
ಐಂದ್ರಾ ಒಂದು ನಸುಕಿನಲ್ಲಿ ಮಡಕೆ ಸರಿಸಿ ಅಗೆದಳು.

ಒಂದಲ್ಲ.
ತುಕ್ಕು ಹಿಡಿದ ಚುಟ್ಟದ ಡಬ್ಬಿಯಲ್ಲಿ ಮೂವತ್ತೇಳು,
ಪಕ್ಕದ ಮಣ್ಣಲ್ಲಿ ಆ ಜೋಳದ ಕಾಳು.
ಸೂರ್ಯ ಏಳುವ ತನಕ ಕಾದು, ಒಂದೊಂದನ್ನೇ ಬಿಸಿಲಿಗೆ ಹಿಡಿದಳು.
ಬಿಸಿಲಲ್ಲಿ ಒಳಗಿಂದ ಚೂರು ಕೆಂಡ ಊದಿದ ಹಾಗೆ,
ನೆರಳಿಗೆ ತಂದರೆ ಮತ್ತೆ ಒಸಡು.
ಐವತ್ತೊಂದು ವರ್ಷ, ಒಂದೂ ಹಣ್ಣಾಗಿರಲಿಲ್ಲ.

ಮೂವತ್ತೇಳನ್ನು ಸಂತೆಯ ತಟ್ಟೆಗೆ ಸುರಿದಳು,
ಚೌಕಾಸಿಯನ್ನೂ ಮಾಡದೆ.
ಜೋಳದ ಕಾಳನ್ನು ತಿರುಗಿ ಗುಂಡಿಗೆ ಬಿಟ್ಟು
ಕಾಲಲ್ಲಿ ಮಣ್ಣು ತಳ್ಳಿದಳು, ಮಡಕೆ ತುಂಬಿಸಿದಳು,
ಆಚೀಚೆ ನೋಡಿಕೊಂಡು.
ಓದಿದವಳು, ನಾಚಿಕೆ.