ಮೂರನೇ ಮೂಲೆ

ಗಿಟಾರ್ ಬೋರಲು ಹಿಡಿದು ಅಲುಗಾಡಿಸಿದರ
ಹೊಟ್ಟೆಯೊಳಗ ಏನೋ ಗಲಗಲ ಅಂತದ.
ಎರಡು ಬಿದ್ದವು. ಒಂದು ಒಳಗೇ ಸಿಕ್ಕೊಂಡದ.
ಪಿಕ್ಕು ಸವೆದು ಹೋಗೋದು ಕಮ್ಮಿ ನೋಡ್ರಿ,
ಕಳೆದು ಹೋಗೋದೇ ಹೆಚ್ಚು.

ಮೊದಮೊದಲು ನಾನೇ ಕತ್ತರಿಸ್ತಿದ್ದೆ.
ಆಸ್ಪತ್ರೆಯಾಗ ನನ್ನ ಕೆಲಸ ಎಕ್ಸ್‌ರೇ ತೆಗೆಯೋದು.
ಯಾರೂ ಒಯ್ಯದ ಹಳೇ ಫಿಲ್ಮಿನ ತುಂಡು,
ಉಗುರು ಕತ್ತರಿಯಿಂದ ತಿರುವಿ ತಿರುವಿ
ವೀಳ್ಯದೆಲೆ ತುದಿಯಷ್ಟು.
ಬೆಳಕಿಗೆ ಹಿಡಿದರ ಅದರಾಗ ಯಾರದೋ
ಪಕ್ಕೆಲುಬಿನ ಬೂದಿ ಗೆರೆ.
ಆ ಎಲುಬಿನಿಂದ ಒಂದು ಭಾನುವಾರ
ಮಂಗಲಪೇಟೆ ಚರ್ಚಿನಾಗ ಎರಡು ಕೀರ್ತನೆ ಬಾರಿಸಿದೆ.
ಮೂರನೇದಕ್ಕ ಅದು
ಬಿಸಿಲಿಗೆ ದಣಿದ ನಾಯಿ ನಾಲಿಗೆ ಹಂಗ ಜೋತುಬಿತ್ತು.

ಆಮೇಲೆ ನಮ್ಮತ್ತೆಯ ಅವಧಿ ಮುಗಿದ ಬ್ಯಾಂಕ್ ಕಾರ್ಡು.
ಗಟ್ಟಿ ಇತ್ತು, ಮಾತು ಒರಟು.
‘ಕರುಣಾವತಿ’ಯಾಗ ‘ಕರು’ ಅಷ್ಟೇ ನನ್ನ ಹೆಬ್ಬೆರಳ ಕೆಳಗ ಉಳಿದಿತ್ತು.
ಆಕಿ ಬ್ಯಾರೆ ಕೇಳಿದಳು,
‘ನನ್ನ ಹೆಸರು ಹರಕೊಂಡು ಯಾವ ದೇವರಿಗೆ ಬಾರಿಸ್ತಿ?’

ಬಿದ್ರಿ ಕೆಲಸದ ಮೊಯಿಜುದ್ದೀನ್ ಚಾಚಾ ಕೇಳಿ ನಕ್ಕರು.
ಹೂಜಿಗೆ ಬೆಳ್ಳಿ ಎಳೆ ಕೂಡಿಸೋದು ಬಿಟ್ಟು
ಒಂದು ಲೋಹದ ಚೂರು ಅರದಿಂದ ಉಜ್ಜಿ ಕೊಟ್ಟರು.
‘ತಗೋ ಬೇಟಿ, ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರ್ತದ.’
ಇತ್ತು, ಖರೆ. ಒಂದು ಕೂದಲೆಳೆಯಷ್ಟೂ ಸವೀಲಿಲ್ಲ.
ವಾರದಾಗ ಮೂರು ತಂತಿ ತಿಂತು.

ವಾಪಸ್ ಒಯ್ದಾಗ ಅಂದರು:
‘ಹಂಗೇ ಅದು. ತಾನು ಸವೆಯದ್ದು
ಎದುರಿನದನ್ನ ಸವೆಸ್ತದ.’
ಎಮ್ಮೆ ಕೋಡಿಂದು ಕೊಯ್ದು ಕೊಟ್ಟರು ಈ ಸಲ.
ಛಲೋ ಇತ್ತು ಅದರ ದನಿ, ಬೆಚ್ಚಗ.
ಆದರ ಏಪ್ರಿಲ್ ತಿಂಗಳ ಬೀದರ್ ಕೋಡನ್ನೂ ಬಿಡಲ್ಲ.
ದಿನಾ ತಲೆಗೆ ಹಚ್ಚೋ ಎಣ್ಣೆಯಾಗ ಒಂದು ಹನಿ
ಅದಕ್ಕೂ ಹಚ್ಚಬೇಕು, ಮರೆತರ ಸೀಳ್ತದ.
ಮರೆತೆ.

ಈಗಿಂದು ಹಳದಿ, ಹೈದರಾಬಾದಿಂದ ತರಿಸಿದ್ದು,
ಕಲ್ಲಂಗಡಿ ಬೀಜದಷ್ಟು ದಪ್ಪ, ಬೆರಳಿಗೆ ಜಾರಲ್ಲ.
ನಾಕು ವರ್ಷ ಆತು.

ಕಲಿಯಲಿಕ್ಕೆ ಬರೋ ಹುಡುಗ ಸ್ತೆಫಾನ ಕೇಳಿದ,
‘ಮಿಸ್, ಬದಲಿ ಮಾಡೋದು ಯಾವಾಗ?’
ನಾನು ದೊಡ್ಡ ಪಂಡಿತಳ ಹಂಗ ಹೇಳಿದೆ:
ತುದಿ ತುಟಿಗೆ ತಾಗಿಸು, ಮುಳ್ಳು ಮುಳ್ಳು ಅಂದರ ಸಾಕಾತು.
ಹಾಲುಹಲ್ಲಿನ ಹಂಗ ಮೊಂಡಾದರ ಸಾಕಾತು.
ಕಣ್ಣಿಗಿಂತ ಕಿವಿಗೆ ಮೊದಲು ಗೊತ್ತಾಗ್ತದ,
‘ಟಿಣ್’ ಅನ್ನೋಕಿಂತ ಮೊದಲು ಸಣ್ಣಗ ‘ಚಿರ್’ ಅಂತದ.

ಅಂವ ನನ್ನ ಹಳದಿ ಎತ್ತಿಕೊಂಡು ತುಟಿಗೆ ತಾಗಿಸಿದ.
ಬಾರಿಸಿ ನೋಡಿದ. ಬರಲಿಲ್ಲ.
ತಂತಿ ತಪ್ಪಿ ತಪ್ಪಿ ಜಾರ್ತದ.
ಒಂದು ಕಡಿಗೆ ಓರೆ ಸವೆದದ,
ಚಪ್ಪಲಿ ಹಿಮ್ಮಡ ಸವೆದಂಗ.
‘ಇದು ಪಿಕ್ಕಲ್ಲ ಮಿಸ್,’ ಅಂದ, ‘ನಿಮ್ಮ ಕೈ ಅದ.’

ಸ್ಕೂಟಿಯಿಂದ ಬಿದ್ದು ಮುರಿದದ್ದು ಬಲಗೈ ಮಣಿಕಟ್ಟು.
ನನ್ನ ಫಿಲ್ಮ್ ಬೆಳಕಿಗೆ ಹಿಡಿದು ನಾನೇ ನೋಡೀನಿ:
ಎಲುಬು ಕೂಡೇದ, ಚೂರು ಓರೆ.
ಡಾಕ್ಟರು ‘ನಾರ್ಮಲ್’ ಅಂತ ಬರೆದರು.
ಪಿಕ್ಕಿಗೆ ಗೊತ್ತಿತ್ತು.

ಎಸೆಯಲಿಕ್ಕೆ ಮನಸಾಗಲಿಲ್ಲ.
ಮೂರು ಮೂಲೆ ಇರ್ತಾವ ಅದಕ್ಕ.
ಒಂದರಿಂದಲೇ ನಾಕು ವರ್ಷ ಬದುಕಿ
ಮಿಕ್ಕೆರಡು ಹೆಗಲನ್ನ ಬೆರಳ ಕೆಳಗ ಮುಚ್ಚಿಟ್ಟಿದ್ದೆ.
ತಿರುಗಿಸಿ ಹಿಡಿದೆ.
ದುಂಡನೆ ಹೆಗಲು, ದನಿ ಮಂದ,
ಕಂಬಳಿ ಹೊದ್ದು ಮಾತಾಡಿದಂಗ.
ಭಾನುವಾರ ಪಾಸ್ಟರು ಕೇಳಿದರು,
‘ಹೊಸ ತಂತಿ ಏನು ಸುವಾರ್ತಮ್ಮ?’
ಹೌದ್ರಿ ಅಂದುಬಿಟ್ಟೆ, ಚರ್ಚಿನಾಗೇ ಸುಳ್ಳು.

ಮೂರನೇ ಮೂಲೆ ಇನ್ನೂ ಹಾಂಗೇ ಅದ.

ಒಳಗ ಸಿಕ್ಕೊಂಡದ್ದು ಮಾತ್ರ ಬಿದ್ದಿಲ್ಲ.
ಎಲ್ಲರೂ ಕಣ್ಣು ಮುಚ್ಚಿದಾಗ
ಗಿಟಾರ್ ಗ್ವಾಡಿಗೆ ಒರಗಿಸಿದರ
‘ಟಕ್’ ಅಂತದ ಒಮ್ಮೆ.
ಎಲುಬಿಂದೋ, ಕೋಡಿಂದೋ, ಅತ್ತೆ ಹೆಸರಿಂದೋ,
ಗೊತ್ತಿಲ್ಲ.
ಆಮೆನ್‌ಗಿಂತ ಚೂರು ಮೊದಲು.