ಹಿಡಿಯ ಬಣ್ಣ

ಪೀಣ್ಯ ಎರಡನೇ ಹಂತ. ಯಾವುದೋ ಲೇತು
ಬಂದಿಳಿದ ಪೆಟ್ಟಿಗೆಯಡಿ
ಆನಿಕೆ ಕೊಟ್ಟಿದ್ದ ಗೇಣುದ್ದದ ತುಂಡು.
ಒಲೆಗೆ ಹಾಕೆಂದ ಫೋರ್‌ಮನ್ ಎಬೆನೇಜರ್.
ಗರಗಸವಿಟ್ಟೆ: ಅಂಗೈ ತುಂಬ ಅರಿಶಿನ.

'ಹಲಸು' ಅಂದೆ. ವೀರಾಚಾರಿ ಮೂಸಿ,
ಉಗುರಲ್ಲಿ ಗೀರಿ, ತಲೆಯಾಡಿಸಿದರು:
'ಹಲಸಿನ ಕುಲವೇ, ಊರು ಬೇರೆ.
ಒಸೇಜ್ ಆರೆಂಜ್. ಕಿತ್ತಳೆಗೂ ಇದಕ್ಕೂ ನಂಟಿಲ್ಲ.
ಬಿಲ್ಲು ಮಾಡಿಕೊಡಿ ಅಂತ ಒಬ್ಬ ಕೋಚು ತಂದಿದ್ದ.'

ಎರಡನೇ ಪಾಳಿ ಮುಗಿದ ಮೇಲೆ ಹದಿನಾರು ರಾತ್ರಿ.
ಸವೆದ ಹ್ಯಾಕ್‌ಸಾ ಬ್ಲೇಡಿನ ಅಲಗು,
ಹಿತ್ತಾಳೆಯ ಒಳಪಟ್ಟಿ, ಬೆನ್ನಿಗೆ ಸ್ಪ್ರಿಂಗು, ಮೂರು ಮೊಳೆ.
ಅರ ಹಾಕಿ, ಜೋಡಿಸಿ, ಬಿಚ್ಚಿ, ಮತ್ತೆ ಅರ ಹಾಕಿ;
ಕೂದಲೆಳೆ ತೆಗೆದರೆ ಸಡಿಲ, ಬಿಟ್ಟರೆ ಬಿಗಿ.
ಕೊನೆಗೊಂದು ನಸುಕಿಗೆ
ತೆರೆದಾಗ ಟಕ್,
ಮಡಚಿದಾಗ ಟಕ್.
ಮನೆಯಲ್ಲಿ ಯಾರೂ ಏಳಲಿಲ್ಲ.
ನಾನೇ ಏಳೆಂಟು ಸಲ ಕೇಳಿದೆ.

ಕೊಂಡವಳು ಕೆ.ಆರ್. ಮಾರ್ಕೆಟ್ಟಿನ ಸಂಪಂಗಮ್ಮ,
ಬಾಳೆಲೆಯ ಕಟ್ಟು ಕೊಯ್ಯೋಕೆ.
ಎರಡು ವರ್ಷಕ್ಕೆ ತಂದು ಮುಂದಿಟ್ಟಳು:
'ಹಳದಿ ಎಲ್ಲಣ್ಣಾ? ಬಣ್ಣ ಬಳಿದು ಕೊಟ್ಟಿದ್ಯಾ?'
ಎಲೆಯ ಸೊನೆ, ಬೆವರು, ಬಿಸಿಲು ಕುಡಿದು
ಹಿಡಿ ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿತ್ತು.

ಮೊಳೆ ಕೊರೆದು ಒಂದು ಪಕ್ಕ ಬಿಚ್ಚಿದೆ.
ಹಿತ್ತಾಳೆಗೆ ಅಂಟಿದ್ದ ಒಳಮೈ
ಮೊದಲ ದಿನದ ಅರಿಶಿನ, ಹಾಗೇ.
ಬಾಗಿಲ ಬೆಳಕಿಗೆ ಹಿಡಿದು ತೋರಿಸಿದೆ.

ನೋಡಿದಳು. ಬೆರಳಿಂದ ಒಮ್ಮೆ ಸವರಿದಳು.
'ಸರಿ, ಮುಚ್ಚಣ್ಣಾ, ಅದಕ್ಕೂ ಬಿಸಿಲು ತಾಗೀತು.
ಅಂದಹಾಗೆ ಆ ಟಕ್ ಅನ್ನೋದು
ಸ್ವಲ್ಪ ಮೆತ್ತಗಾಗಿದೆ,
ನೋಡು.'