ಒಳಂಬ ಕಿಸೆದಾಗ

ಮೂವತ್ತೊಂದ್ ವರ್ಷ ನಾ ಗೋಡಿ ಕಟ್ಟೀನಿ.
ಶಹಾಬಾದದಾಗ ಸೆಟದು ನಿಂತ ಹತ್ತು ಗೋಡಿ ಕಂಡ್ರ
ಒಂದಾದ್ರೂ ನಂದಿರ್ತದ.
ಒಳಂಬ ಬಿಟ್ಟು, ಒಂದ್ ಕಣ್ಣು ಮುಚ್ಚಿ,
ದಾರ ಅಲುಗೋದು ನಿಲ್ಲೋತನಕ ಉಸರ ಹಿಡಿಯೋದು.
ಇಷ್ಟೇ ನನ್ನ ಇದ್ಯಾ.

ಅಂಥಾವನ ಹಂತ್ಯಾಕ ಬಂದು
ಭೀಮಶಾ ಅನ್ನೋ ಪೋರ ಕೇಳ್ತಾನ:
"ಕಾಕಾ, ಗೋಡಿ ಬಾಗಿಸಿ ಕೊಡ್ತೀರೇನು?"

ಬಾಗಿದ ಗೋಡಿಗಿ ನಮ್ ಕಡಿ ಗುತ್ತೇದಾರ
ಬಿಲ್ ಕೊಡಲ್ಲಪ, ಬೈಗಳ ಕೊಡ್ತಾನ.

ಈ ಪೋರಗೋಳು ನನಗ ಹೊಸಬರಲ್ಲ.
ಸಣ್ಣವರಿದ್ದಾಗ ಲಾರಿ ಗ್ಯಾರೇಜಿನ ಹಳೀ ಬೇರಿಂಗ್ ಹಾಕಿ
ಕಟಗಿ ಗಾಡಿ ಮಾಡ್ಕೊಂಡು
ಸ್ಟೇಷನ್ ರೋಡಿನ ಇಳಿಜಾರದಾಗ ಕಿಡಿ ಹಾರಿಸಿದವರು.
ಈಗ ಮೀಸಿ ಬಂದಾವ.
ಗಾಡಿ ಹೋಗಿ ಸ್ಕೇಟ್‌ಬೋರ್ಡ್ ಬಂದದ.
ಹಲಗಿ ಒಂದು, ಗಾಲಿ ನಾಕು, ಆಳು ಐದು.

ಜಾಗಾ, ಬಂದ್ ಬಿದ್ದ ಫರಸಿ ಖಣಿ.
ಪದರ ಪದರ ಕಲ್ಲೆಲ್ಲ ಯಾರ್ಯಾರದೋ ಪಡಸಾಲಿಗಿ ಹೋಗಿ
ಉಳದದ್ದು ಈ ತೆಗ್ಗು, ಜಾಲಿ ಕಂಟಿ,
ಮೂಲ್ಯಾಗ ನಿಂತ ನೀರು, ನೀರಾಗ ಎಮ್ಮಿ.
ಹಗಲು ಕಾಲಿಟ್ರ ಕಲ್ಲು ಕಾದ ಹಂಚು.
ಅದಕ್ಕ ರಾತ್ರಿ ಕೆಲಸ, ಎರಡು ಬೈಕಿನ ಬೆಳಕು.
ಸಿಮೆಂಟ್ ಎಲ್ಲಿಂದು ಅಂತ ಕೇಳಬ್ಯಾಡ್ರಿ.
ನಮ್ಮೂರಾಗ ಅದು ಗಾಳ್ಯಾಗೇ ಬರ್ತದ,
ಒಣಹಾಕಿದ ಅರಬಿ ಝಾಡಿಸಿದ್ರ ಅರ್ಧ ಚೀಲ.

ಪಾಲಿಶ್ ಮಷಿನ್ ನಡಸೋ ಮಕ್ತುಮಸಾಬನ ಮಗಳು ಆಫ್ರೀನ್
ನೆಲಕ್ಕ ಮೊಳಿ ಬಡದ್ಳು, ಏಳು ಫೂಟ್ ಸುತಳಿ ಕಟ್ಟಿ
ತುದಿಗಿ ಇದ್ದಲಿ ಹಿಡದು
ಪ್ಲೈವುಡ್ ಮ್ಯಾಲ ಒಂದೇ ದಮ್ಮಿಗಿ ಗೆರಿ ಎಳದ್ಳು.
"ಇಷ್ಟ ಬಾಗಬೇಕು ಕಾಕಾ.
ಜಾಸ್ತಿ ಆದ್ರ ಮೂಗು ಒಡಿತದ,
ಕಮ್ಮಿ ಆದ್ರ ಬರೇ ಇಳಿಜಾರ."

ಒಳಂಬ ಕಿಸೆದಾಗ ಇಟ್ಟೆ.
ಅದು ಇಷ್ಟು ಭಾರ ಇತ್ತೇನು?

ಮೊದಲ ರಾತ್ರಿ ಹಚ್ಚಿದ ಮಾಲೆಲ್ಲ ಜಾರಿ
ಬುಡಕ್ಕ ಬಂದು ಕುಂತಿತು, ಆ ಎಮ್ಮಿ ಹಂಗ.
ಎರಡನೇ ರಾತ್ರಿ ಕೋಳಿ ಜಾಳಗಿ ಬಿಗದು, ನೀರ ಕಮ್ಮಿ ಮಾಡಿ
ಕೆಳಗಿಂದ ಮ್ಯಾಲ, ಕೆಳಗಿಂದ ಮ್ಯಾಲ.
ಮೂರನೇ ರಾತ್ರಿ ಮಟ್ಟಗೋಲು ಒಗದೇ ಬಿಟ್ಟೆ.
ಅಂಗೈ ಇಟ್ಟು ನೋಡ್ದೆ, ಹೊಸ ಹರವಿ ಹೊಟ್ಟಿ ಸವರಿದಂಗ,
ಬುಡದಿಂದ ತುದಿತನಕ ಎಲ್ಲೂ ನಿಲ್ಲಲಿಲ್ಲ ಕೈ.
ಅಂಚಿಗಿ ಬತ್ತಿದ ಬೋರಿನ ಪೈಪ್ ಕುಂದ್ರಿಸಿದ್ವಿ.

ಗೋಣಿತಟ್ಟು ಹೊಚ್ಚಿ ನೀರ ಹೊಡೆಯೋ ಹೊತ್ತಿನಾಗ
ವಾಚಮನ್ ಸಿದ್ರಾಮ ಬ್ಯಾಟ್ರಿ ಬಿಟ್ಟ.
"ಏನೋ ಇದು?"
"ನೀರಿನ ಟಾಕಿ," ಅಂದೆ.
ಸುತ್ತ ಒಂದ್ ಸಲ ತಿರುಗಿ ಬಂದ.
"ಉಳದ ಮೂರು ಗೋಡಿ?"
"ಮುಂದಿನ ಬಜೆಟ್‌ನಾಗ."
ಹಂಗೇ ನಿಂತ ಸ್ವಲ್ಪ ಹೊತ್ತು. ಬೀಡಿ ಮುಗೀತು. ಹೋದ.
ಮರುದಿನ ನೋಡಿದ್ರ ಜಾಲಿ ಕಂಟಿಗಿ ಜೋತುಬಿಟ್ಟಿದ್ದ
ನಲವತ್ತು ಫೂಟಿನ ಹಸರ ಪೈಪು.

ಹನ್ನೊಂದು ದಿನ ಕಾಯ್ರೋ ಅಂದ್ರ ಒಂಬತ್ತಕ್ಕೇ ಹತ್ತಿದ್ರು.
ಭೀಮಶಾ ಬಿದ್ದ. ಸಾಯಬಣ್ಣ ಬಿದ್ದ.
ಮೊಣಕೈ ಕಿತ್ತು ರಕ್ತ, ಅದರ ಮ್ಯಾಲ ಬಿಳೀ ಧೂಳು,
ನಗೋದು ನೋಡಬೇಕಿತ್ತು ಆ ಮಕ್ಕಳದು.
ಆಮೇಲೆ ಆಫ್ರೀನ್.
ಓಢಣಿ ಸೊಂಟಕ್ಕ ಬಿಗದು ಸರ್ರ್ ಅಂತ ಇಳದು
ನನ್ನ ಗೋಡಿ ಏರಿದ್ಳು, ಏರಿದ್ಳು,
ಪೈಪಿನ ಹಂತ್ಯಾಕ ಒಂದು ಗಳಿಗಿ
ಮ್ಯಾಲನೂ ಇಲ್ಲ, ಕೆಳಗನೂ ಇಲ್ಲ.
ನಾ ಉಸರ ಹಿಡದಿದ್ದೆ,
ಒಂದ್ ಕಣ್ಣು ತಾನೇ ಮುಚ್ಚಿತ್ತು.

ನನಗೂ ಹತ್ತು ಅಂದ್ರು. ಹತ್ತಿದೆ.
ಕುಂತು.

ಹೋದ ವಾರ ಮೂರನೇ ಫೂಟಿನ ಮ್ಯಾಲ
ಕೂದಲಿನಷ್ಟು ಸಣ್ಣ ಬಿರುಕು ಕಂಡದ.
ಯಾವ ಬುಟ್ಟಿ ಮಾಲು ಅಂತ ನನಗ ಗೊತ್ತು,
ಆವಾಗ ನನ್ನ ಲಕ್ಷ್ಯ ಸಿದ್ರಾಮನ ಬ್ಯಾಟ್ರಿ ಮ್ಯಾಲಿತ್ತು.
ಗಾಲಿ ದಾಟಿದಾಗೊಮ್ಮೆ ಟಕ್ ಅಂತದ,
ನನಗೇ ಬಡದಂಗ.
ಕರಣಿ ತಗೊಂಡು ಹೋದ್ರ ಆಫ್ರೀನ್ ಅಡ್ಡ ನಿಂತ್ಳು.
"ಇರ್ಲಿ ಬಿಡ್ರಿ ಕಾಕಾ.
ಕತ್ತಲದಾಗ ಎಲ್ಲಿಗಿ ಬಂದೀವಿ ಅಂತ
ಅದೇ ಹೇಳೋದು."